ಕೆಳಗಿನ ಎಡಮೂಲೆ

ಮೈರಾಮ್ ಮೊದಲ ದಿನ ಕೇಳಿದ ಪ್ರಶ್ನೆಗೆ ಶರ್ಶೆನನ ಬಳಿ ಉತ್ತರವಿರಲಿಲ್ಲ.

ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಸಿ ಅವನು ಮಸೀದಿಯಿಂದ ನೇರವಾಗಿ ಬೆಟ್ಟದ ತಪ್ಪಲಿನ ಕರಾಕೋಲ್ ಊರಿನ ಸಂಸ್ಕೃತಿ ಭವನಕ್ಕೆ ಬರುತ್ತಿದ್ದ. ಮೇಲಿನ ಮಹಡಿಯ ಕೊನೆಯ ಕೋಣೆಯಲ್ಲಿ, ಆಸೆಯಿದ್ದವರಿಗೆ ಫೋಟೋ ತೆಗೆಯುವುದನ್ನು ಹೇಳಿಕೊಡುತ್ತಿದ್ದ. ಬರುತ್ತಿದ್ದವರು ಬೆರಳೆಣಿಕೆಯ ಮಂದಿ. ಆ ವರ್ಷ ಬೆಟ್ಟದ ಹಿಮ ಪೋಪ್ಲಾರ್ ಮರಗಳ ಬುಡಕ್ಕೆ ಇಳಿದ ವಾರದಲ್ಲಿ ಹೊಸದಾಗಿ ಮೈರಾಮ್ ಎಂಬ ಹೆಂಗಸು ಬಂದು ಕಿಟಕಿಯ ಪಕ್ಕ ಕುಳಿತಳು. ತಲೆಗೆ ಬಿಳಿಯ ರುಮಾಲು. ಗಂಡ ಸತ್ತು ವರ್ಷದ ಊಟ ಮುಗಿದಿದೆ, ಕರಿಯ ಬಟ್ಟೆ ತೆಗೆಸಿ ಬಿಳಿಯದು ಕಟ್ಟಿಸಿದ್ದಾರೆ ಎಂದು ಆ ರುಮಾಲೇ ಹೇಳುತ್ತಿತ್ತು. ಬಜಾರಿನ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು ಎಂದು ಯಾರೋ ಹೇಳಿದರು.

ಶರ್ಶೆನನ ಪಾಠ ಒಂದೇ ಬಗೆಯದು. ರಟ್ಟಿನಲ್ಲಿ ಅಂಗೈಯಗಲದ ಕಿಂಡಿ ಕತ್ತರಿಸಿ, ಅದಕ್ಕೆ ಉದ್ದಕ್ಕೂ ಅಡ್ಡಕ್ಕೂ ಕರಿಯ ದಾರ ಬಿಗಿದು, ಒಂಬತ್ತು ಮನೆ ಮಾಡಿ ಎಲ್ಲರ ಕೈಗೂ ಒಂದೊಂದು ಕೊಡುತ್ತಿದ್ದ. ಕ್ಯಾಮೆರಾ ಮುಟ್ಟುವ ಮೊದಲು ಲೋಕವನ್ನು ಅದರೊಳಗಿಂದ ನೋಡಬೇಕು.

"ಈ ಚಳಿಗಾಲ ಪೂರ್ತಿ ಒಂದೇ ಮನೆ," ಎಂದ. "ಕೆಳಗಿನ ಎಡಮೂಲೆ. ನಿಮಗೆ ಯಾವುದು ಮುಖ್ಯವೋ ಅದನ್ನ ಅಲ್ಲಿಡಿ. ಬೇರೆ ಕಡೆ ಕೈ ಹಾಕ್ಬೇಡಿ."

ಉಳಿದವರು ತಲೆಯಾಡಿಸಿದರು. ಮೈರಾಮ್ ಮಾತ್ರ ರಟ್ಟನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಹೊರಗಿನ ಹಿಮವನ್ನು ಬಹಳ ಹೊತ್ತು ನೋಡಿದಳು.

"ಒಂದು ಮೂಲೇಲಿ ಇಟ್ಟಾಯ್ತು ಅನ್ನಿ, ಶರ್ಶೆನ್ ಮೇಷ್ಟ್ರೇ. ಉಳಿದ ಜಾಗಕ್ಕೆ ಏನು ಮಾಡೋದು?"

ಎಷ್ಟೋ ವರ್ಷ ಪಾಠ ಹೇಳಿದವನಿಗೆ ಇದಕ್ಕೊಂದು ಸಿದ್ಧ ಉತ್ತರವಿತ್ತು. ಉಳಿದದ್ದು ಸುಮ್ಮನಿರಬೇಕು, ಕಣ್ಣಿಗೆ ಉಸಿರಾಡಲು ಜಾಗ ಬೇಕು, ಇಂಥದ್ದೇನೋ. ಆ ದಿನ ಅದು ಬಾಯಿಗೆ ಬರಲಿಲ್ಲ. ಹೆಂಡತಿ ಬತ್ಮಾ ತೀರಿಹೋದ ಮೇಲೆ ಅವನ ಮನೆಯಲ್ಲಿ ಉಳಿದಿದ್ದುದೆಲ್ಲ ಉಳಿದ ಜಾಗವೇ. ಅದು ಉಸಿರಾಡಿದ್ದನ್ನು ಅವನು ಕಂಡಿರಲಿಲ್ಲ. ಮುಂದಿನ ವಾರ ಹೇಳುತ್ತೇನೆ ಎಂದು ಜಾರಿಕೊಂಡ.

ಹೊರಡುವಾಗ ಬಾಗಿಲ ಬಳಿ ಅವಳು ಮೂಗನ್ನು ತುಸು ಮೇಲೆತ್ತಿದಳು. ಅವನ ಕೋಟಿನಿಂದ ಎಣ್ಣೆಯ ವಾಸನೆ ಬರುತ್ತಿದೆ ಎಂದಳು. ಶುಕ್ರವಾರ ಅಲ್ಲವೇ ಎಂದ ಅವನು. ಅಷ್ಟು ಸಾಕಾಯಿತು. ಸತ್ತವರು ನಮ್ಮ ರೊಟ್ಟಿ ತಿನ್ನಲಾರರು, ಕರಿದ ಎಣ್ಣೆಯ ಪರಿಮಳ ಮಾತ್ರ ಅವರಿಗೆ ತಲುಪುತ್ತದೆ ಎಂದು ಹಿರಿಯರು ಹೇಳಿದ್ದನ್ನು ಆ ಊರಿನಲ್ಲಿ ಎಲ್ಲರೂ ನಡೆಸುತ್ತಿದ್ದರು. ಶುಕ್ರವಾರ ಬೆಳಿಗ್ಗೆ ಹಿಟ್ಟಿನ ತುಂಡುಗಳನ್ನು ಕರಿದು ಬೋರ್ಸೋಕ್ ಮಾಡಿ, ಕುರಾನ್ ಓದಿ, ಸತ್ತವರ ಹೆಸರು ಹೇಳುವುದು.

"ನಮ್ಮನೇಲೂ ಕರಿದ್ವಿ," ಎಂದಳು ಮೈರಾಮ್. "ಆದ್ರೆ ನಿಮ್ಮದು ಸೀದಿದೆ, ಶರ್ಶೆನ್ ಮೇಷ್ಟ್ರೇ. ಉರಿ ಸಣ್ಣಗೆ ಇಡ್ಬೇಕು. ಪಾಪ, ನಿಮ್ಮನೆಯವರು ಅಲ್ಲಿ ಮೂಗು ಮುಚ್ಕೊಂಡಿರ್ತಾರೆ."

ಸತ್ತವರ ಬಗ್ಗೆ ಹಾಗೆ ನಗೆಯಾಡಬಹುದು ಎನ್ನುವುದು ಅವನಿಗೆ ಮರೆತುಹೋಗಿತ್ತು. ಮೆಟ್ಟಿಲಿಳಿಯುವಾಗ ಅವನು ಒಬ್ಬನೇ ನಕ್ಕ. ಆ ನಗುವಿನ ಸದ್ದಿಗೆ ತಾನೇ ಬೆಚ್ಚಿದ.

ಚಳಿಗಾಲ ಹಾಗೆ ಸಾಗಿತು.

ಅವನು ತನ್ನ ಹಳೆಯ ಕ್ಯಾಮೆರಾವನ್ನು ಅವಳಿಗೆ ಕೊಟ್ಟ. ಅವಳು ಅದನ್ನು ಕೈವಸ್ತ್ರದಲ್ಲಿ ಸುತ್ತಿ, ಬಿಸಿ ರೊಟ್ಟಿ ಒಯ್ಯುವಂತೆ ಎದೆಗೆ ಒತ್ತಿಕೊಂಡು ಒಯ್ಯುತ್ತಿದ್ದಳು. ವಾರವಾರವೂ ಒಂದಿಷ್ಟು ಚಿತ್ರ ತರುತ್ತಿದ್ದಳು. ಅಂಗಡಿಯ ಗಾಜಿನ ಮೇಲೆ ಒಂದು ಮಾತ್ರೆ. ಬೇಲಿಯ ಮೇಲೆ ಕಾಗೆ. ಅವಳ ಗಂಡನ ಅಕ್ಕ ಕಾಲಿಚಾ ಎಂಬ ಮುದುಕಿ ಅವಳ ಜೊತೆಯಲ್ಲೇ ಇದ್ದಳು. ಚಹದ ಬಟ್ಟಲನ್ನು ಹಿಡಿದ ಆಕೆಯ ಸುಕ್ಕುಗಟ್ಟಿದ ಕೈ. ಎಲ್ಲವೂ ಕೆಳಗಿನ ಎಡಮೂಲೆಯಲ್ಲಿ. ಮೊದಮೊದಲು ಅವಳ ಕೈ ತಡೆಯುತ್ತಿರಲಿಲ್ಲ, ಮೇಲಿನ ಬಲಕ್ಕೆ ಏನಾದರೊಂದು ತುರುಕುತ್ತಿದ್ದಳು, ಒಂದು ಪರದೆ, ಒಂದು ಹೂಜಿ. ಅವನು ಪರದೆಯ ಮೇಲೆ ಬೆರಳಿಟ್ಟು, ಇದೇಕೆ ಎಂದು ಕೇಳುತ್ತಿದ್ದ. ಖಾಲಿ ಕಂಡರೆ ಭಯ ಎಂದು ಅವಳು ಒಂದು ಸಲ ಒಪ್ಪಿಕೊಂಡಳು. ನನಗೂ ಎಂದು ಅವನು ಹೇಳಲಿಲ್ಲ.

ಅವಳು ಮಾತಿಗೊಮ್ಮೆ ಅವನ ಹೆಸರು ಹಿಡಿದು ಕರೆಯುತ್ತಿದ್ದಳು. ಶರ್ಶೆನ್ ಮೇಷ್ಟ್ರೇ ಬೆಳಕು ಹೋಯಿತು, ಶರ್ಶೆನ್ ಮೇಷ್ಟ್ರೇ ಬೆರಳು ಮರಗಟ್ಟಿತು. ತನ್ನ ಗಂಡನ ವಿಷಯ ಬಂದರೆ ಮಾತ್ರ 'ನಮ್ಮನೆಯವರು' ಎಂದು ನಿಲ್ಲಿಸುತ್ತಿದ್ದಳು. ಆ ಮನುಷ್ಯನ ಹೆಸರು ಏನಿತ್ತೆಂದು ಶರ್ಶೆನನಿಗೆ ಕೊನೆಗೂ ತಿಳಿಯಲಿಲ್ಲ.

ಒಂದು ದಿನ ಅವನು ಹಲಗೆಯ ಮೇಲೆ ಗೆರೆ ಎಳೆಯುತ್ತಿದ್ದಾಗ ಬೆನ್ನಿಗೆ ಏನೋ ತಾಗಿದ ಹಾಗಾಯಿತು. ತಿರುಗಿದರೆ ಮೈರಾಮ್ ರಟ್ಟಿನ ಕಿಂಡಿಯನ್ನು ಕಣ್ಣಿಗೆ ಹಿಡಿದು ಅವನ ಕಡೆಗೇ ನೋಡುತ್ತಿದ್ದಳು. ಕರಿಯ ದಾರಗಳ ಹಿಂದೆ ಅವಳ ಒಂದು ಕಣ್ಣು ಕಾಣುತ್ತಿತ್ತು. ಕಂದು ಬಣ್ಣ, ಕೊನೆಯಲ್ಲಿ ಸಣ್ಣ ನೆರಿಗೆ.

"ಅಲ್ಲಾಡ್ಬೇಡಿ, ಶರ್ಶೆನ್ ಮೇಷ್ಟ್ರೇ. ಈಗ ಮೂಲೇಲಿ ಸರಿಯಾಗಿ ಕೂತಿದೀರ."

"ನನ್ನನ್ನ ಮೂಲೆಗೆ ಹಾಕಿದ್ರಾ?"

"ಮುಖ್ಯವಾದ್ದನ್ನ ಅಲ್ಲಿಡಿ ಅಂದೋರು ಯಾರು?"

ಹೇಳಿದ ಮೇಲೆ ಅವಳಿಗೇ ನಾಚಿಕೆಯಾಗಿರಬೇಕು. ರಟ್ಟನ್ನು ಇಳಿಸಲಿಲ್ಲ. ಅದರ ಹಿಂದೆಯೇ ಮುಖ ಮರೆಸಿಕೊಂಡು ಕುಳಿತಳು. ಅವನು ಹಲಗೆಯ ಕಡೆಗೆ ತಿರುಗಿದ. ನೇರವಾಗಿ ಎಳೆಯಬೇಕಿದ್ದ ಗೆರೆ ಸೊಟ್ಟಗಾಯಿತು. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು.

ಗಾಳಿಯಿಲ್ಲದ ಒಂದು ದಿನ ಎಲ್ಲರನ್ನೂ ಕರೆದುಕೊಂಡು ಸರೋವರದ ದಡಕ್ಕೆ ಹೋದ. ಉಳಿದವರು ಚಳಿಗಾಲಕ್ಕೆ ಬಂದಿಳಿದ ಹಂಸಗಳ ಹಿಂದೆ ಓಡಿದರು. ಶರ್ಶೆನ್ ಹಳೆಯ ಹಡಗುಕಟ್ಟೆಯ ಆಚೆ ಹೋಗಿ, ಕೋಟನ್ನು ಹಾಸಿಕೊಂಡು ನಮಾಜು ಮಾಡಿದ. ಮುಗಿಸಿ ಎದ್ದವನು ನೀರನ್ನು ನೋಡುತ್ತ ಹಾಗೇ ನಿಂತ. ಆ ಸರೋವರ ಹೆಪ್ಪುಗಟ್ಟುವುದಿಲ್ಲ. ಎಷ್ಟೇ ಚಳಿಯಿದ್ದರೂ ಒಳಗೆ ಎಲ್ಲೋ ಬೆಚ್ಚಗಿರುತ್ತದೆ. ಬತ್ಮಾ ಇದ್ದಾಗ ಅದು ಅವನಿಗೆ ಕರುಣೆಯ ಹಾಗೆ ಕಾಣುತ್ತಿತ್ತು. ಈಗ, ಹೆಪ್ಪುಗಟ್ಟಲೂ ಬಿಡದ ಶಿಕ್ಷೆ ಎನ್ನಿಸುತ್ತಿತ್ತು. ದೇವರ ಮುಂದೆ ಹೀಗೆ ಯೋಚಿಸಬಾರದೆಂದು ಅವನು ತಕ್ಷಣ ಕ್ಷಮೆ ಕೇಳಿದ.

ಹಿಂದೆ ಕ್ಯಾಮೆರಾ ಸದ್ದು ಮಾಡಿದ್ದು ಅವನಿಗೆ ಕೇಳಿಸಲಿಲ್ಲ.

ವ್ಯಾನಿನಲ್ಲಿ ಮರಳುವಾಗ ಅವಳು ಪಕ್ಕದಲ್ಲಿ ಕುಳಿತಳು. ಆಮೇಲೆ, ಒಬ್ಬರೇ ಹೇಗೆ ಊಟ ಮಾಡುತ್ತೀರಿ ಎಂದು ಕೇಳಿದಳು.

"ನೆಲದ ಮೇಲೆ ಊಟದ ಬಟ್ಟೆ ಪೂರ್ತಿ ಹಾಸ್ತೀನಿ," ಎಂದ ಶರ್ಶೆನ್. "ಒಂದು ಮೂಲೇಲಿ ಕೂತು ತಿಂತೀನಿ."

"ಮಡಿಸಿ ಹಾಸ್ಬಹುದಲ್ಲ."

"ಮಡಿಸಿದ್ರೆ ಒಪ್ಕೊಂಡ ಹಾಗಾಗುತ್ತೆ."

ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಗಾಜಿನ ಮೇಲೆ ಅವಳ ಉಸಿರು ಮಂಜಾಗಿ ನಿಂತಿತು. ಊರು ಬರುವವರೆಗೂ ಅವಳು ಅದನ್ನು ಒರೆಸಲಿಲ್ಲ.

ಆ ರಾತ್ರಿ ಶರ್ಶೆನ್ ಪೆಟ್ಟಿಗೆಯಿಂದ ತಾಯಿಯ ಬೆಳ್ಳಿಯ ಓಲೆಗಳನ್ನು ತೆಗೆದ. ಹೆಣ್ಣನ್ನು ಕೇಳಲು ಹೋಗುವವರು ಓಲೆ ಒಯ್ಯಬೇಕು. ಹುಡುಗಿಯಾದರೆ ತಾಯಂದಿರು ಬಂದು ಕಿವಿಗೆ ಇಡುತ್ತಾರೆ. ಈ ವಯಸ್ಸಿನಲ್ಲಿ ಅವನಿಗೆ ಒಯ್ಯುವವರು ಯಾರೂ ಉಳಿದಿರಲಿಲ್ಲ, ತಾನೇ ಕಾಲಿಚಾ ಮುಂದೆ ಹೋಗಿ ಕೂರಬೇಕು. ಕರಿಯ ಬಟ್ಟೆ ತೆಗೆಸಿದವಳು ಆಕೆ, ಒಪ್ಪಿಗೆ ಕೊಡಬೇಕಾದವಳೂ ಆಕೆ. ಆದರೆ ಅದಕ್ಕೂ ಮೊದಲು ಮೈರಾಮಳ ಮನಸ್ಸು ತಿಳಿಯಬೇಕಿತ್ತು. ಮಾತಿನಲ್ಲಿ ಕೇಳುವ ಧೈರ್ಯ ಅವನಿಗಿರಲಿಲ್ಲ. ಇಲ್ಲ ಎಂದುಬಿಟ್ಟರೆ, ಶುಕ್ರವಾರ ಮಧ್ಯಾಹ್ನದ ಆ ಕಿಟಕಿಯ ಬೆಳಕೂ ಹೋಗುತ್ತದೆ. ಆಮೇಲೆ ಉಳಿಯುವುದು ಆ ಊಟದ ಬಟ್ಟೆ ಮಾತ್ರ.

ವಸಂತದ ಹೊಸ ವರ್ಷವಾದ ನೂರೂಜ್ ಹಬ್ಬದ ಹೊತ್ತಿಗೆ ಭವನದಲ್ಲಿ ಚಿತ್ರಗಳ ಪ್ರದರ್ಶನ ಏರ್ಪಾಡಾಯಿತು. ಅದು ಮುಗಿದ ಕೂಡಲೇ ಕೇಳಬೇಕೆಂದು ಓಲೆಗಳನ್ನು ಕೋಟಿನ ಒಳಜೇಬಿನಲ್ಲಿಟ್ಟುಕೊಂಡು ಹೋದ.

ಮೈರಾಮಳ ಚಿತ್ರದ ಮುಂದೆ ಜನ ತಾವಾಗಿ ಸುಮ್ಮನಾಗುತ್ತಿದ್ದರು. ನೀರು, ಆಕಾಶ, ನಡುವೆ ಗೆರೆಯಿಲ್ಲ. ಇಡೀ ಚೌಕಟ್ಟು ಹಾಲಿನ ಬಣ್ಣ. ಕೆಳಗಿನ ಎಡಮೂಲೆಯಲ್ಲಿ ಮಾತ್ರ, ಹೆಬ್ಬೆರಳಿನಷ್ಟು, ಟೋಪಿ ಹಾಕಿದ ಒಬ್ಬ ಮನುಷ್ಯ. ಬೆನ್ನು ಈ ಕಡೆಗೆ.

ಶರ್ಶೆನ್ ತನ್ನ ಬೆನ್ನನ್ನು ಅದುವರೆಗೆ ನೋಡಿರಲಿಲ್ಲ. ಇಷ್ಟು ಒಂಟಿಯಾಗಿ ಕಾಣುತ್ತೇನೆಯೇ ಎಂದುಕೊಂಡ. ಮತ್ತೆ ನೋಡಿದ. ಒಂಟಿತನವನ್ನು ಯಾರೋ ಅಷ್ಟು ಜೋಪಾನವಾಗಿ, ತುಂಬಿದ ಬಟ್ಟಲು ಕೆಳಗಿಟ್ಟ ಹಾಗೆ, ಅಲ್ಲಿ ಇಟ್ಟಿದ್ದರು. ಕೈ ತಾನಾಗಿ ಒಳಜೇಬಿಗೆ ಹೋಯಿತು.

ಭವನದ ಮುಖ್ಯಸ್ಥೆ ಕನಾಯಿಮ್ ಒಬ್ಬೊಬ್ಬರನ್ನೂ ಕರೆದು ಅವರ ಚಿತ್ರದ ಬಗ್ಗೆ ಕೇಳುತ್ತ ಬಂದಳು. ಮೈರಾಮಳ ಸರದಿ ಬಂತು.

"ಚೆನ್ನಾಗಿದೆ ಕಣ್ರೀ. ಯಾರು ಇವರು? ಹೆಸರು ಹೇಳಿ, ಬಂದೋರಿಗೂ ಗೊತ್ತಾಗ್ಲಿ."

ಮೈರಾಮ್ ಬಾಯಿ ತೆರೆದಳು. ಮುಚ್ಚಿದಳು. ಅವಳ ಕಣ್ಣು ಒಂದು ಗಳಿಗೆ ಶರ್ಶೆನನ ಮೇಲೆ ಬಂದು, ಬಿಸಿ ತಾಗಿದಂತೆ ಹಿಂದಕ್ಕೆ ಹೋಯಿತು.

"ಯಾರೋ... ದಡದಲ್ಲಿ ನಿಂತಿದ್ರು," ಎಂದಳು.

ಯಾರೋ ಕಿಸಕ್ಕೆಂದು ನಕ್ಕರು. ಅಲ್ಲಿದ್ದವರೆಲ್ಲರಿಗೂ ಆ ಟೋಪಿ ಗೊತ್ತಿತ್ತು. ನಮ್ಮ ಮೇಷ್ಟ್ರಲ್ಲವೇ ಅದು ಎಂದು ಹಿಂದಿನಿಂದ ಒಂದು ಗಂಡು ದನಿ ಬಂತು. ಮೈರಾಮ್ ರುಮಾಲನ್ನು ಮುಂದಕ್ಕೆ ಎಳೆದುಕೊಂಡು ಪಕ್ಕಕ್ಕೆ ಸರಿದಳು.

ಯಾರೋ. ಚಳಿಗಾಲವೆಲ್ಲ ಮಾತಿಗೊಮ್ಮೆ ಹೆಸರು ಹಿಡಿದು ಕರೆದವಳು ಜನರ ಎದುರಿಗೆ ಅವನನ್ನು ಯಾರೋ ಎಂದಿದ್ದಳು. ಶರ್ಶೆನ್ ಕೋಟಿನ ಗುಂಡಿ ಹಾಕಿಕೊಂಡು ಹೊರಗೆ ಬಂದ. ಅಂಗಳದಲ್ಲಿ ಹಬ್ಬದ ಉಯ್ಯಾಲೆ ಕಟ್ಟಿ ಹುಡುಗಿಯರು ತೂಗಿಕೊಳ್ಳುತ್ತಿದ್ದರು. ಓಲೆಗಳ ಕೊಂಡಿ ಎದೆಗೆ ಚುಚ್ಚುತ್ತಿತ್ತು. ಸರಿ, ತಪ್ಪೇನಿದೆ ಎಂದು ತನಗೆ ತಾನೇ ಹೇಳಿಕೊಂಡ. ವಿಧವೆ ಹೆಂಗಸು, ಊರ ನಾಲಗೆಗೆ ಹೆದರಬೇಕು. ನನ್ನಂಥ ಮುದುಕನ ಜೊತೆ ಹೆಸರು ಸೇರುವುದು ಯಾರಿಗೆ ಬೇಕು.

ಮುಂದಿನ ಶುಕ್ರವಾರ ಅವಳು ಬಂದಳು. ಹತ್ತಿರ ಬಂದು ಚಿತ್ರ ಚಾಚಿ, "ಇದು ಸರಿಯಿದ್ಯಾ, ಸ್ವಲ್ಪ ನೋಡಿ," ಎಂದಳು. ಶರ್ಶೆನ್ ಎನ್ನಲಿಲ್ಲ, ಮೇಷ್ಟ್ರೇ ಎಂದೂ ಅನ್ನಲಿಲ್ಲ. ಮಾತಿನ ತುದಿಯಲ್ಲಿ ಅವನಿಗಾಗಿ ಇದ್ದ ಜಾಗ ಬರಿದಾಗಿತ್ತು. ಅವನು ಚಿತ್ರವನ್ನು ಸರಿಯಾಗಿ ನೋಡದೆ ಸರಿಯಿದೆ ಎಂದು ಹಿಂದಿರುಗಿಸಿದ. ಅವಳು ಇನ್ನೂ ಏನನ್ನೋ ಕಾಯುವಂತೆ ನಿಂತಿದ್ದು, ಕಿಟಕಿಯ ಬಳಿಗೆ ಹೋಗಿ ಕುಳಿತಳು. ಮರುವಾರ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ.

ಕ್ಯಾಮೆರಾ ಮಾತ್ರ ಬಂತು. ಕಾಲಿಚಾ ಕೋಲೂರಿಕೊಂಡು ಅವನ ಮನೆಯ ಬಾಗಿಲಿಗೆ ಬಂದು, ಕೈವಸ್ತ್ರದಲ್ಲಿ ಸುತ್ತಿದ್ದ ಅದನ್ನು ಮೇಜಿನ ಮೇಲಿಟ್ಟಳು. ಕೂರಿ ಎಂದರೆ ಕೂರಲಿಲ್ಲ. ಒಲೆ, ಗೋಡೆ, ಮಡಿಸದೆ ಬಿಟ್ಟ ಊಟದ ಬಟ್ಟೆ ಎಲ್ಲವನ್ನೂ ಒಂದು ಸುತ್ತು ನೋಡಿದಳು.

"ಕಲಿಸೋದು ಮುಗೀತೇನಪ್ಪಾ?"

"ಅವರೇ ಬರೋದು ಬಿಟ್ರು, ಎಜೆ."

ಹಿರಿಯಳನ್ನು ಅಕ್ಕಾ ಎಂದು ಕರೆಯುವ ಆ ಮಾತಿಗೆ ಮುದುಕಿ ತುಸು ಮೆತ್ತಗಾದಳು.

"ನಂಗೆ ಫೋಟೋ ಗೀಟೋ ತಿಳಿಯಲ್ಲ. ಒಂದು ಮಾತ್ರ ಕೇಳು. ಚಳಿಗಾಲ ಪೂರ್ತಿ ನಮ್ಮನೇಲಿ ನಿನ್ನ ಹೆಸರೇ ಜಪ. ಶರ್ಶೆನ್ ಮೇಷ್ಟ್ರು ಹಿಂಗಂದ್ರು, ಶರ್ಶೆನ್ ಮೇಷ್ಟ್ರು ಹಂಗಂದ್ರು. ನನ್ನ ಕಿವಿ ತೂತು ಬಿದ್ದೋಯ್ತು. ಹಬ್ಬಕ್ಕೆ ಸ್ವಲ್ಪ ಮುಂಚೆಯಿಂದ ಇಲ್ಲ. ಒಂದು ಸಲಾನೂ ಇಲ್ಲ. ಆ ಹೆಸರು ಎಲ್ಲಿ ಹೋಯ್ತು ಅಂತ ಹುಡುಕ್ತಿದೀನಿ. ನಿನ್ನ ಹತ್ರ ಏನಾದ್ರೂ ಇದ್ಯಾ?"

ಇದು ಚುಚ್ಚುಮಾತೆಂದೇ ಅವನಿಗೆ ತೋರಿತು. ತಪ್ಪಾಗಿದ್ದರೆ ಕ್ಷಮಿಸಬೇಕು ಎಂದ. ಕಾಲಿಚಾ ಅವನ ಮುಖವನ್ನು ದಿಟ್ಟಿಸಿ, "ಕಣ್ಣಿನ ಕೆಲಸ ಮಾಡೋನು, ಕಿವಿ ಮಾತ್ರ ದೇವರು ಕೊಟ್ಟಿಲ್ಲ," ಎಂದು ಹೊರಟುಹೋದಳು.

ಮರುದಿನ ಶುಕ್ರವಾರ. ಬೆಳಗಿನ ನಮಾಜಾದ ಮೇಲೆ ಅವನು ಹಿಟ್ಟು ಕಲಸಿದ. ಉರಿಯನ್ನು ಸಣ್ಣಗಿಟ್ಟ. ಬೋರ್ಸೋಕುಗಳು ಒಂದೊಂದಾಗಿ ಉಬ್ಬಿ, ಹೊಂಬಣ್ಣಕ್ಕೆ ತಿರುಗಿ ಎಣ್ಣೆಯ ಮೇಲೆ ತೇಲಿದವು. ಇದೇ ಮೊದಲ ಸಲ ಒಂದೂ ಸೀಯಲಿಲ್ಲ. ನೀಲಿ ಹೊಗೆ ಮೇಲಕ್ಕೆ ಹೋಗುತ್ತಿರಲು ಅವನು ಓದಿದ. ಕೊನೆಗೆ ಅಂಗೈ ಚಾಚಿ ಸತ್ತವಳ ಹೆಸರು ಹೇಳಿದ, "ಬತ್ಮಾಗೆ ತಲುಪಲಿ."

ಬತ್ಮಾ ಎಂದ ಕೂಡಲೇ, ಇವಳು ನನ್ನನ್ನು ಏನೆಂದು ಕರೆಯುತ್ತಿದ್ದಳು ಎಂಬ ಯೋಚನೆ ಬಂತು.

ಏನೆಂದೂ ಕರೆಯುತ್ತಿರಲಿಲ್ಲ. ಹಳ್ಳಿಯಲ್ಲಿ ಬೆಳೆದ ಹೆಣ್ಣು, ಗಂಡನ ಹೆಸರನ್ನು ಬಾಯಿಂದ ಹೇಳಿದವಳಲ್ಲ. ಒಮ್ಮೆ ಆಸ್ಪತ್ರೆಯಲ್ಲಿ ಗಂಡನ ಹೆಸರೇನಮ್ಮ ಎಂದು ಕೇಳಿದಾಗ, ಹಿಂದೆ ನಿಂತಿದ್ದ ಪಕ್ಕದ ಮನೆಯವಳನ್ನು ಮುಂದಕ್ಕೆ ಎಳೆದು, ನೀನು ಹೇಳೇ ಎಂದಿದ್ದಳು. ಅವನು ಅದನ್ನು ಎಷ್ಟೋ ಸಲ ಹೇಳಿ ನಗಾಡಿದ್ದ. ಕೊನೆಯ ದಿನ ನರ್ಸು, ಯಾರನ್ನು ಕರೆಯಲಿ ಎಂದು ಕೇಳಿದಾಗಲೂ ಅವಳು ಹೇಳಿದ್ದು 'ಅವರನ್ನ' ಎಂದು ಮಾತ್ರ. ಆ ಒಂದು ಮಾತಿಗೆ ಅವನು ಆಸ್ಪತ್ರೆಯ ಪಡಸಾಲೆಯ ಆ ತುದಿಯಿಂದ ಓಡಿಬಂದಿದ್ದ.

ಶರ್ಶೆನ್ ಒಲೆ ಆರಿಸಿದ. ಕುರ್ಚಿಯ ಮೇಲೆ ಕುಳಿತ. 'ಯಾರೋ' ಎಂದಾಗ ಮೈರಾಮಳ ಕಿವಿಗಳು ಹೇಗೆ ಕೆಂಪಾಗಿದ್ದವು ಎನ್ನುವುದು ಈಗ ನೆನಪಾಯಿತು. ಕಣ್ಣಿಗೆ ಬಿದ್ದಿದ್ದರೂ ಆಗ ಅವನು ಗಮನಿಸಿರಲಿಲ್ಲ. ಅವಳು ಹೇಳಲಾರದೆ ಬಿಟ್ಟದ್ದನ್ನೇ ನೋಡುತ್ತಿದ್ದ, ಅವಳು ನಿಂತಿದ್ದ ಕಡೆ ಗಮನ ಕೊಟ್ಟಿರಲಿಲ್ಲ. ಒಂದು ಮೂಲೆ ನೋಡಿ ಸಾಕು ಎಂದು ಊರಿಗೆಲ್ಲ ಕಲಿಸಿದವನು.

ಅವನು ಬತ್ಮಾಳ ಪಟದ ಮುಂದೆ ಸ್ವಲ್ಪ ಹೊತ್ತು ನಿಂತ. ಬಿಸಿ ಬೋರ್ಸೋಕುಗಳನ್ನು ಕೈವಸ್ತ್ರದಲ್ಲಿ ಕಟ್ಟಿಕೊಂಡು ಹೊರಟ.

ಬಾಗಿಲು ತೆಗೆದವಳು ಕಾಲಿಚಾ. ಗಂಟನ್ನು ಮೂಸಿ ನೋಡಿ, "ಸೀದಿಲ್ಲ," ಎಂದಳು. ಒಳಗೆ ಕರೆದು, ನೆಲದ ಮೇಲೆ ಊಟದ ಬಟ್ಟೆ ಹಾಸಿ, ಅವನನ್ನು ಗೌರವದ ಜಾಗದಲ್ಲಿ ಕೂರಿಸಿದಳು. ರೊಟ್ಟಿ ತರುತ್ತೇನೆಂದು ಅಡುಗೆಮನೆಗೆ ಹೋದವಳು ಬೇಗ ಬರುವ ಅವಸರದಲ್ಲಿರಲಿಲ್ಲ.

ಮೈರಾಮ್ ಎದುರಿಗೆ ಬಂದು ಕುಳಿತಳು. ಸ್ವಲ್ಪ ಇಳಿದುಹೋಗಿದ್ದಳು. ಕಿಟಕಿಯ ಹೊರಗೆ ಏಪ್ರಿಕಾಟ್ ಮರದಲ್ಲಿ ಮೊಗ್ಗು ಬಂದಿತ್ತು, ಎಲೆ ಇನ್ನೂ ಇರಲಿಲ್ಲ. ಇಬ್ಬರ ನಡುವೆ ಬಟ್ಟೆ ಬರಿದಾಗಿ ಹರಡಿತ್ತು.

"ಒಂದು ಮಾತು ಕೇಳ್ತೀನಿ," ಎಂದ ಶರ್ಶೆನ್. "ನನ್ನ ಹೆಸರು ಹೇಳಿ. ಒಂದೇ ಸಲ. ಹೇಳಿದ್ರೆ ನಾನು ಎದ್ದು ಹೋಗ್ತೀನಿ, ಮತ್ತೆ ಈ ಕಡೆ ಬರಲ್ಲ."

ಅವಳು ತಲೆ ಬಗ್ಗಿಸಿದಳು. ಬೆರಳಿನಿಂದ ಬಟ್ಟೆಯ ಅಂಚಿನ ನೂಲನ್ನು ಸುತ್ತಿದಳು, ಬಿಡಿಸಿದಳು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅವಳ ತುಟಿ ಅಲುಗಲಿಲ್ಲ. ಕಿವಿಗಳು ಮಾತ್ರ ರುಮಾಲಿನ ಅಂಚಿನಲ್ಲಿ ಮೆಲ್ಲಗೆ ಕೆಂಪೇರಿದವು. ಈ ಸಲ ಅವನು ನೋಡಿದ.

"ಮೊದಲ ದಿನ ನೀವೊಂದು ಪ್ರಶ್ನೆ ಕೇಳಿದ್ರಿ," ಎಂದ. "ಉಳಿದ ಜಾಗಕ್ಕೆ ಏನು ಮಾಡೋದು ಅಂತ."

"ಹೇಳ್ತೀನಿ ಅಂದಿದ್ರಿ. ಹೇಳ್ಲಿಲ್ಲ."

"ನಂಗಿನ್ನೂ ಗೊತ್ತಿಲ್ಲ. ಅದು ಹಾಗೇ ಇರುತ್ತೇನೋ. ನಿಮ್ಮದೂ, ನನ್ನದೂ."

ಒಳಜೇಬಿನಿಂದ ಓಲೆಗಳನ್ನು ತೆಗೆದ. ಅವಳ ಕೈಗೆ ಕೊಡಲಿಲ್ಲ. ಮುಂದಕ್ಕೆ ಬಾಗಿ, ಆ ಬರಿದಾದ ಬಟ್ಟೆಯ ಮೇಲೆ, ಅವಳ ಕಡೆಯಿಂದ ನೋಡಿದರೆ ಕೆಳಗಿನ ಎಡಮೂಲೆಯಾಗುವಲ್ಲಿ ಇಟ್ಟ. ಕೈ ಹಿಂದಕ್ಕೆ ತೆಗೆದುಕೊಂಡು ಕುಳಿತ.

ಮೈರಾಮ್ ಅದನ್ನು ನೋಡಿದಳು. ಒಂದು ಕಣ್ಣು ಮುಚ್ಚಿ, ರಟ್ಟಿನ ಕಿಂಡಿಯೊಳಗಿಂದ ನೋಡುತ್ತಿದ್ದಳಲ್ಲ, ಹಾಗೆ. ಬಟ್ಟೆಯ ಉಳಿದ ಭಾಗದ ಕಡೆಗೆ ಅವಳ ನೋಟ ಹೋಗಲಿಲ್ಲ. ಆ ಕಣ್ಣು ತುಂಬಿ, ಒಂದು ಹನಿ ಕೆನ್ನೆಗಿಳಿದು, ಬಿಳಿಯ ರುಮಾಲಿನಲ್ಲಿ ಇಂಗಿತು.

ಕಾಲಿಚಾ ಎರಡು ಕೈಯಲ್ಲೂ ರೊಟ್ಟಿ ಹಿಡಿದು ಬಂದು ನಿಂತಳು. ಓಲೆಗಳನ್ನು ನೋಡಿದಳು, ತಮ್ಮನ ಹೆಂಡತಿಯನ್ನು ನೋಡಿದಳು. ಎಲ್ಲ ಗೊತ್ತಿದ್ದೂ ಕೇಳಿದಳು.

"ಇದನ್ನ ಯಾರು ಇಟ್ಟಿದ್ದು?"

ಮೈರಾಮ್ ಕೈ ಚಾಚಿ ಓಲೆಗಳನ್ನು ಅಂಗೈಯೊಳಗೆ ಮುಚ್ಚಿಕೊಂಡಳು.

"ಅವರು," ಎಂದಳು.